ಸಂಜೆ ಐದೂವರೆಯ ತರಗತಿ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಹಾಗೂ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ

ವಿಷಯ: ಉದ್ಯೋಗಸ್ಥರ ಅರೆಕಾಲಿಕ ಎಂ.ಟೆಕ್ ತರಗತಿಗಳು ಹೇಳಿದ ವೇಳೆಗೆ ನಡೆಯದಿರುವ ಬಗ್ಗೆ

ಮಾನ್ಯರೇ,

ನಾನು ಕಟ್ಟಡ ವಿನ್ಯಾಸದ ಎಂಜಿನಿಯರ್. ಕಾಂಕ್ರೀಟ್ ಹಾಕುವ ಮುನ್ನ ಕಂಬಿ ಎಣಿಸಿ, ರಿಂಗುಗಳ ಅಂತರ ಅಳೆದು, ಕವರ್ ಬ್ಲಾಕ್ ಇಟ್ಟಿದ್ದಾರೋ ಇಲ್ಲವೋ ಬಗ್ಗಿ ನೋಡಿ, ಆಮೇಲೆ ಕಾಂಕ್ರೀಟ್ ಸುರಿಯಲು ಒಪ್ಪಿಗೆ ಕೊಡುವ ಪೋರ್ ಕಾರ್ಡಿಗೆ ಸಹಿ ಹಾಕುವುದು ನನ್ನ ಕೆಲಸದ ಒಂದು ಭಾಗ. ಈ 12 ವರ್ಷಗಳಲ್ಲಿ ಕಣ್ಣಾರೆ ನೋಡದ ಕಂಬಿಗೆ ಒಂದು ಸಲವೂ ಸಹಿ ಹಾಕಿಲ್ಲ. ಮೇಸ್ತ್ರಿ ಮುಖ ಗಂಟಿಕ್ಕಿಕೊಂಡು ಕಾಯುತ್ತಿದ್ದರೂ, ರೆಡಿಮಿಕ್ಸ್ ಲಾರಿ ಗೇಟಿನಲ್ಲಿ ಡ್ರಮ್ ತಿರುಗಿಸುತ್ತ ನಿಂತಿದ್ದರೂ ಹಾಕಿಲ್ಲ. ಅಂಥ ನಾನು ಕಳೆದ ತಿಂಗಳ ಒಂದು ಶನಿವಾರ ನಮ್ಮ ಕಾಲೇಜಿನ ವಿಭಾಗದ ಕಚೇರಿಯಲ್ಲಿ ಕೂತು ಹಾಜರಿ ಪುಸ್ತಕದಲ್ಲಿ 37 ಸಹಿ ಹಾಕಿ ಬಂದೆ. ಆ 37 ತರಗತಿಗಳಲ್ಲಿ ಒಂದರಲ್ಲೂ ನಾನು ಇರಲಿಲ್ಲ.

ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಕಚೇರಿಯ ಗುಮಾಸ್ತರು ಪುಸ್ತಕ ತೆರೆದು, ಖಾಲಿ ಜಾಗಗಳಿಗೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, 'ಬೇಗ ಮುಗಿಸಿ ಮೇಡಂ, ಪರಿಶೀಲನೆಗೆ ಬರ್ತಾರೆ' ಅಂದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ, ನನಗೆ ಉಪಕಾರ ಮಾಡುತ್ತಿದ್ದೇನೆ ಎಂಬ ನಂಬಿಕೆಯೇ ಇತ್ತು. ನನ್ನ ಪಕ್ಕದಲ್ಲಿ ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಒಬ್ಬರು ತಮ್ಮ ಪುಟ ತೆರೆದುಕೊಂಡು ಕೂತಿದ್ದರು. ಇಬ್ಬರೂ ಮಾತಾಡಲಿಲ್ಲ. ಸಹಿ ಮುಗಿಸಿ ಹೊರಗೆ ಬಂದ ಮೇಲೂ ಒಬ್ಬರ ಮುಖ ಒಬ್ಬರು ನೋಡದೆ ಬಸ್ ಸ್ಟಾಪಿಗೆ ನಡೆದೆವು. ಅಂದಿನಿಂದ ಆ 37 ಸಹಿಗಳು ನನ್ನ ಮನಸ್ಸಿನಲ್ಲಿ ಕೂತಿವೆ. ಅದಕ್ಕಾಗಿ ಈ ಪತ್ರ.

ಕಾಲೇಜಿನ ಹೆಸರನ್ನು ನಾನು ಬರೆಯುವುದಿಲ್ಲ. ಒಂದು ಕಾಲೇಜಿನ ಮೇಲೆ ದೂರು ಹೇಳಿ ಹಗೆ ತೀರಿಸಿಕೊಳ್ಳುವುದು ನನ್ನ ಉದ್ದೇಶವಲ್ಲ. ಬೇರೆ ಊರುಗಳಲ್ಲಿ, ಬೇರೆ ಕಾಲೇಜುಗಳಲ್ಲಿ ಹೀಗೆಯೇ ಓದುತ್ತಿರುವ ನನ್ನ ಪರಿಚಯದವರು ಹೇಳುವುದೂ ಇದೇ ಕಥೆ. ಕೆಲಸ ಮಾಡಿಕೊಂಡು ಓದುವವರಿಗೆಂದು ಸೀಟು ಕೊಡುತ್ತಾರೆ, ಕೆಲಸ ಬಿಟ್ಟವರು ಮಾತ್ರ ಬರಬಹುದಾದ ವೇಳೆಗೆ ಪಾಠ ಇಡುತ್ತಾರೆ, ಆ ಎರಡರ ನಡುವಿನ ಕಂದಕವನ್ನು ಸುಳ್ಳು ಸಹಿಯಿಂದ ಮುಚ್ಚುತ್ತಾರೆ. ನನ್ನ ಅಹವಾಲು ಇಷ್ಟೇ.

ಸೇರುವಾಗ ನಮಗೆ ಹೇಳಿದ್ದೇನು ಎಂಬುದನ್ನು ಮೊದಲು ತಿಳಿಸುತ್ತೇನೆ. ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಅರೆಕಾಲಿಕ ಎಂ.ಟೆಕ್, 3 ವರ್ಷ, 6 ಸೆಮಿಸ್ಟರ್. ವಾರಕ್ಕೆ 4 ದಿನ, ಸಂಜೆ 5.30ರಿಂದ 8.30ರವರೆಗೆ ತರಗತಿ. ಅನುಭವ ಪತ್ರ ಕೊಡಬೇಕು, ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಎಲ್ಲವನ್ನೂ ಕೊಟ್ಟೆವು. ನಮ್ಮ ಕಚೇರಿ 14 ಜನರ ಪುಟ್ಟದು. ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕುವಾಗ ನಮ್ಮ ಸಾಹೇಬರು, 'ವಾರಕ್ಕೆ 4 ದಿನ ನೀನು ನಾಲ್ಕೂವರೆಗೆ ಎದ್ದು ಹೋಗು, ಆ ಕೆಲಸವನ್ನು ಬೆಳಿಗ್ಗೆ ಬೇಗ ಬಂದು ಮುಗಿಸು, ಅಷ್ಟು ಮಾಡಿದರೆ ನನಗೆ ತಕರಾರಿಲ್ಲ' ಎಂದಿದ್ದರು. ಆ ಮಾತನ್ನು ಅವರೂ ಉಳಿಸಿಕೊಂಡರು, ನಾನೂ ಉಳಿಸಿಕೊಂಡೆ. ಬೆಳಿಗ್ಗೆ ಏಳೂವರೆಗೆ ಕಚೇರಿಯ ಬಾಗಿಲು ತೆಗೆಯುವವಳು ನಾನೇ.

ನಾವು 11 ಮಂದಿ ಸೇರಿದೆವು. ಲೋಕೋಪಯೋಗಿ ಇಲಾಖೆಯವರು ಇಬ್ಬರು, ಪಾಲಿಟೆಕ್ನಿಕ್ ಉಪನ್ಯಾಸಕಿ ಒಬ್ಬರು, ಮೆಟ್ರೋ ಗುತ್ತಿಗೆದಾರರ ಕಡೆಯ ಸೈಟ್ ಎಂಜಿನಿಯರ್, ಪ್ರಿಕಾಸ್ಟ್ ಕಾರ್ಖಾನೆಯ ಗುಣಮಟ್ಟ ನೋಡುವವರು, ಉಳಿದವರು ನನ್ನ ಹಾಗೆ ಸಣ್ಣ ವಿನ್ಯಾಸ ಕಚೇರಿಗಳವರು. ಎಲ್ಲರಿಗಿಂತ ಚಿಕ್ಕವರಿಗೆ 26, ದೊಡ್ಡವರಿಗೆ 47. ನನಗೆ 34, ಎರಡನೆಯ ತರಗತಿಗೆ ಹೋಗುವ ಮಗಳಿದ್ದಾಳೆ.

ಮೊದಲ ಸೆಮಿಸ್ಟರ್ ಹೇಳಿದಂತೆಯೇ ನಡೆಯಿತು. ಅದರ ಬಗ್ಗೆ ನಾನು ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ನಾವು ಕಳೆದುಕೊಂಡದ್ದು ಏನೆಂದು ತಮಗೆ ಗೊತ್ತಾಗಬೇಕು.

ಭೂಕಂಪ ನಿರೋಧಕ ವಿನ್ಯಾಸ ಹೇಳುತ್ತಿದ್ದ ಮೇಷ್ಟ್ರು ಒಬ್ಬರಿದ್ದರು. ಬೆಳಿಗ್ಗೆ ಎಂಟೂವರೆಯಿಂದ ಬಿಇ ಮಕ್ಕಳಿಗೆ ಪಾಠ ಮಾಡಿ ದಣಿದು ನಮ್ಮ ಮುಂದೆ ಬಂದು ನಿಲ್ಲುತ್ತಿದ್ದರು. ಆದರೆ ನಮ್ಮ ಪ್ರಶ್ನೆಗಳು ಶುರುವಾದರೆ ಅವರ ದಣಿವು ಹೋಗುತ್ತಿತ್ತು. ಒಂದು ಸಂಜೆ ಅವರು ಭೂಕಂಪ ತಾಳುವ ಕಟ್ಟಡಗಳ ಸಂಹಿತೆಯಾದ ಐಎಸ್ 13920ರ ವಿಷಯ ತೆಗೆದರು. ಕಂಬದೊಳಗಿನ ರಿಂಗಿನ ತುದಿಯನ್ನು 135 ಡಿಗ್ರಿ ಒಳಕ್ಕೆ ಮಡಚಬೇಕು ಎಂದು ಆ ಸಂಹಿತೆ ಹೇಳುತ್ತದೆ. ನನಗೆ ಆ ನಿಯಮ ಗೊತ್ತಿತ್ತು, ನಕ್ಷೆಯ ಮೂಲೆಯ ಟಿಪ್ಪಣಿಯಲ್ಲಿ ಎಷ್ಟೋ ಸಲ ಟೈಪ್ ಮಾಡಿದ್ದೆ. ಯಾಕೆ ಎಂದು ಗೊತ್ತಿರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಕಂಬವನ್ನು ಅಡ್ಡ ಕೊಯ್ದ ಹಾಗೆ ಚಿತ್ರ ಬರೆದರು. ನೆಲ ಅಲುಗಿದಾಗ ಮೊದಲು ಉದುರುವುದು ಕಂಬದ ಹೊರ ಮೈಯ ಕಾಂಕ್ರೀಟು. ಅದು ಉದುರಿತು ಎಂದರೆ, 90 ಡಿಗ್ರಿಗೆ ಮಡಚಿದ ರಿಂಗಿನ ಬಾಲಕ್ಕೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ, ಅದು ಬಿಚ್ಚಿಕೊಳ್ಳುತ್ತದೆ. ರಿಂಗು ಬಿಚ್ಚಿಕೊಂಡರೆ ಉದ್ದದ ಕಂಬಿಗಳು ಹೊರಕ್ಕೆ ಬಾಗುತ್ತವೆ, ಒಳಗಿನ ಕಾಂಕ್ರೀಟನ್ನು ಬಿಗಿಹಿಡಿಯುವವರು ಯಾರೂ ಇರುವುದಿಲ್ಲ. 135 ಡಿಗ್ರಿಗೆ ಮಡಚಿದ ಬಾಲ ಗಟ್ಟಿ ತಿರುಳಿನೊಳಗೆ ಹುದುಗಿರುತ್ತದೆ, ಹೊರಮೈ ಉದುರಿದರೂ ಬಿಡುವುದಿಲ್ಲ.

ಆಗ ನಮ್ಮ ಕಚೇರಿಯಲ್ಲಿ ಮಂಗಳೂರಿನ ಒಂದು ವಸತಿ ಕಟ್ಟಡದ ಕೆಲಸ ನಡೆಯುತ್ತಿತ್ತು. ನಾನು ಕಲಿತ ಐಎಸ್ 1893ರ ಪ್ರಕಾರ ಬೆಂಗಳೂರು ಎರಡನೆಯ ಭೂಕಂಪ ವಲಯದಲ್ಲಿದೆ, ಮಂಗಳೂರು ಮೂರನೆಯದರಲ್ಲಿ. ಅಂದರೆ ಆ ಕಟ್ಟಡಕ್ಕೆ 135 ಡಿಗ್ರಿಯ ನಿಯಮ ಕಡ್ಡಾಯ. ಆ ವಾರಾಂತ್ಯ ನಾನು ಸೈಟಿಗೆ ಹೋದಾಗ ಕಂಬಿ ಕಟ್ಟುವವರು ರಿಂಗುಗಳನ್ನು 90ಕ್ಕೇ ಮಡಚಿ ರಾಶಿ ಹಾಕಿದ್ದರು. ಹಿಂದೆಯಾದರೆ 'ನಕ್ಷೆಯಲ್ಲಿ ಹೀಗಿದೆ, ಹೀಗೇ ಮಾಡಿ' ಎಂದು ಹೇಳಿ ಬರುತ್ತಿದ್ದೆ, ಅವರೂ ಹೂಂ ಎಂದು ನಾನು ಬೆನ್ನು ತಿರುಗಿಸಿದ ಮೇಲೆ ತಮ್ಮ ಪಾಡಿಗೆ ತಾವು ಮಾಡುತ್ತಿದ್ದರು. ಈ ಸಲ ಜಲ್ಲಿ ರಾಶಿಯ ಪಕ್ಕ ಕೂತು ಮರಳಿನ ಮೇಲೆ ಮೇಷ್ಟ್ರು ಬರೆದ ಅದೇ ಚಿತ್ರವನ್ನು ಬೆರಳಿನಲ್ಲಿ ಬರೆದು ತೋರಿಸಿದೆ. ಮೇಸ್ತ್ರಿ ಸ್ವಲ್ಪ ಹೊತ್ತು ನೋಡಿದರು. 'ಇದನ್ನು ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ಲ ಮೇಡಂ' ಅಂದರು. ಇಡೀ ರಾಶಿಯನ್ನು ಮತ್ತೆ ಮಡಚಿಸಿದರು.

ಮಂಗಳವಾರ ಸಂಜೆ ಕೇಳಿದ ಪಾಠ ಶನಿವಾರ ಬೆಳಿಗ್ಗೆ ಏಳು ಅಂತಸ್ತಿನ ಒಂದು ಕಟ್ಟಡದೊಳಗೆ ಹೋಯಿತು. ಆ ಕಟ್ಟಡದಲ್ಲಿ ವಾಸ ಮಾಡಲಿರುವ ಜನಕ್ಕೆ ಅದು ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಪೂರ್ಣಾವಧಿ ಓದುವ 22 ವರ್ಷದ ಮಕ್ಕಳ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಕಲಿತದ್ದು ಸೈಟಿಗೆ ತಲುಪಲು ಇನ್ನೂ ಹಲವು ವರ್ಷ ಬೇಕು. ನಾವು ಕಲಿತದ್ದು ಅದೇ ವಾರ ತಲುಪುತ್ತದೆ. ನಾಡಿನ ಕಟ್ಟಡ, ಸೇತುವೆ, ನೀರಿನ ಟ್ಯಾಂಕುಗಳ ನಕ್ಷೆಗೆ ಇಂದು ಸಹಿ ಹಾಕುತ್ತಿರುವವರು ನಾವು.

ಇನ್ನೊಂದು ಮಾತು. ನಾನು ಇರುವುದು ದಾಸರಹಳ್ಳಿಯಲ್ಲಿ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಕೆಳಗೆ ದಿನಾ ಓಡಾಡುತ್ತೇನೆ. 2021ರ ಡಿಸೆಂಬರ್‌ನಲ್ಲಿ ಎರಡು ಕಂಬಗಳ ನಡುವಿನ ಪ್ರಿಸ್ಟ್ರೆಸ್ ಕೇಬಲುಗಳಲ್ಲಿ ದೋಷ ಕಂಡುಬಂದು ಆ ಸೇತುವೆಯನ್ನು ಮುಚ್ಚಿದರು. ಸುಮಾರು ಎರಡು ತಿಂಗಳ ಮೇಲೆ ಕಾರು, ಬೈಕುಗಳನ್ನು ಬಿಟ್ಟರು. ಭಾರಿ ವಾಹನಗಳು ಮತ್ತೆ ಹತ್ತಿದ್ದು 2024ರಲ್ಲಿ. ಆ ವರ್ಷಗಳಲ್ಲಿ ಕೆಳಗಿನ ರಸ್ತೆಯಲ್ಲಿ ಲಾರಿ ಬಸ್ಸುಗಳ ನಡುವೆ ಸಿಕ್ಕಿಕೊಂಡ ಪೀಣ್ಯದ ಜನಕ್ಕೆ ಪ್ರಿಸ್ಟ್ರೆಸ್ ಕೇಬಲ್ ಎಂಬ ಮಾತು ಎಂಜಿನಿಯರಿಂಗ್ ಓದದೆಯೇ ಬಾಯಿಪಾಠವಾಯಿತು. ನಾಳೆ ಇಂಥ ಸೇತುವೆಗಳೊಳಗೆ ಇಳಿದು ನೋಡಬೇಕಾದವರು, ಗುಂಡಿ ಮುಚ್ಚಿದಷ್ಟೇ ಸಲೀಸಾಗಿ ಕೇಬಲಿನ ತುಕ್ಕನ್ನು ಮುಚ್ಚಿಹಾಕಬೇಡಿ ಎಂದು ಹೇಳಬೇಕಾದವರು ಈಗ ಇಲಾಖೆಗಳಲ್ಲಿ, ಕಚೇರಿಗಳಲ್ಲಿ ಕೆಲಸ ಮಾಡುತ್ತಿರುವ ಎಂಜಿನಿಯರುಗಳು. ಅವರಲ್ಲಿ ಹೆಚ್ಚಿನವರು ಬಿಇಯಲ್ಲಿ ಪ್ರಿಸ್ಟ್ರೆಸ್ ಕಾಂಕ್ರೀಟನ್ನು ಒಂದು ಸೆಮಿಸ್ಟರ್ ಓದಿ ಮರೆತವರು. ನಾನೂ ಮರೆತಿದ್ದೆ. ಎರಡನೆಯ ಸೆಮಿಸ್ಟರಿನಲ್ಲಿ ಆ ವಿಷಯ ಇದೆ ಎಂದು ಪಟ್ಟಿ ನೋಡಿ ಹಿಗ್ಗಿದ್ದೆ.

ಆ ಎರಡನೆಯ ಸೆಮಿಸ್ಟರಿನಲ್ಲೇ ಎಲ್ಲ ಕೆಟ್ಟದ್ದು. ಮೊದಲ 4 ವಾರ ಸಂಜೆ ತರಗತಿ ನಡೆಯಿತು. ಐದನೆಯ ವಾರದ ಸೋಮವಾರ ಹೋದಾಗ ಕೊಠಡಿಗೆ ಬೀಗ. ಸೂಚನಾ ಫಲಕದಲ್ಲಿ ಎರಡು ಸಾಲು: ಇನ್ನು ಮುಂದೆ ಅರೆಕಾಲಿಕ ವಿದ್ಯಾರ್ಥಿಗಳ ತರಗತಿಗಳನ್ನು ಪೂರ್ಣಾವಧಿ ವಿದ್ಯಾರ್ಥಿಗಳ ತರಗತಿಗಳೊಂದಿಗೆ ನಡೆಸಲಾಗುವುದು, ವೇಳೆ ಬೆಳಿಗ್ಗೆ 10ರಿಂದ 1. ಕೆಳಗೆ ಮೊಹರು. ನಮ್ಮನ್ನು ಕೇಳಿದ್ದಿಲ್ಲ, ಕರೆದು ಹೇಳಿದ್ದೂ ಇಲ್ಲ.

ಕಾರಣ ಕೇಳಿದಾಗ ವಿಭಾಗದ ಮುಖ್ಯಸ್ಥರು ಸಮಾಧಾನದಿಂದಲೇ ಮಾತಾಡಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. 11 ಮಂದಿಗಾಗಿ ಸಂಜೆ ಇಬ್ಬರು ಮೂವರು ಅಧ್ಯಾಪಕರನ್ನು ಉಳಿಸಿಕೊಳ್ಳುವುದು ಕಷ್ಟ. ಅವರಿಗೆ ಆ ಹೊತ್ತಿನ ಪಾಠಕ್ಕೆ ಪ್ರತ್ಯೇಕ ಸಂಭಾವನೆ ಇಲ್ಲ. ಪ್ರಯೋಗಾಲಯದ ಸಹಾಯಕರು, ಗ್ರಂಥಾಲಯದವರು 5 ಗಂಟೆಗೆ ಮನೆಗೆ ಹೋಗುತ್ತಾರೆ. ಪೂರ್ಣಾವಧಿಯಲ್ಲಿ ಸೀಟು ತುಂಬದೆ ಅಲ್ಲೂ 7 ಮಂದಿಯೇ ಇದ್ದಾರೆ. 7 ಮತ್ತು 11 ಸೇರಿಸಿದರೆ ಒಂದು ತರಗತಿಯಾಗುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆ ಲೆಕ್ಕದಲ್ಲಿ ಇಲ್ಲದ್ದು ಒಂದೇ ಒಂದು. 10ರಿಂದ 1ರವರೆಗೆ ನಾವು 11 ಮಂದಿ ಎಲ್ಲಿರುತ್ತೇವೆ ಎಂಬುದನ್ನು ಸೇರುವ ದಿನವೇ ಅನುಭವ ಪತ್ರದಲ್ಲಿ ಬರೆದು, ಮೊಹರು ಹಾಕಿಸಿ, ಮೂರು ಪ್ರತಿ ಮಾಡಿ ಅವರಿಗೇ ಕೊಟ್ಟಿದ್ದೆವು.

ಅಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ. ಹನ್ನೊಂದು ಹನ್ನೆರಡು ಗಂಟೆ ಕಾಲೇಜಿನಲ್ಲಿ ಇರಿ, ಸಂಜೆಯ ಪಾಠಕ್ಕೆ ಕಾಸು ಕೇಳಬೇಡಿ ಎಂದು ಯಾರಿಗೂ ಹೇಳುವ ಹಕ್ಕು ನಮಗಿಲ್ಲ. ಭೂಕಂಪದ ಪಾಠ ಹೇಳಿದ ಮೇಷ್ಟ್ರು ಆಮೇಲೆಯೂ ಎರಡು ಶನಿವಾರ ತಾವಾಗಿ ಬಂದು ನಮಗೆ ಪಾಠ ಮಾಡಿದರು. ಅವರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಾರೆ ಎಂದು ಗೊತ್ತಾದ ಮೇಲೆ ನಾವೇ ಬೇಡ ಸರ್ ಎಂದೆವು.

ಇನ್ನು ಹಾಜರಿಯ ವಿಷಯ. ನಮ್ಮಲ್ಲಿ ಪರೀಕ್ಷೆಗೆ ಕೂರಲು ನೂರಕ್ಕೆ 85 ಹಾಜರಿ ಬೇಕು. ಈ ಸೆಮಿಸ್ಟರಿನಲ್ಲಿ ನಡೆದದ್ದು ಒಟ್ಟು 132 ತರಗತಿ. ಸಂಜೆ ನಡೆದ 48ರಲ್ಲಿ ಒಂದನ್ನೂ ನಾನು ತಪ್ಪಿಸಿಲ್ಲ. ಹಗಲಿನ 84ರಲ್ಲಿ 29ಕ್ಕೆ ರಜೆ ಹಾಕಿ ಹೋದೆ. ವರ್ಷದ 12 ಸಾಂದರ್ಭಿಕ ರಜೆಯಲ್ಲಿ 10 ಅಲ್ಲೇ ಮುಗಿದವು. ಉಳಿದ ಎರಡೂ ಮುಗಿದ ಮೇಲೆ, ಜ್ವರದಲ್ಲಿದ್ದ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಮೂರು ದಿನಕ್ಕೆ ಸಂಬಳ ಕಡಿತವಾಯಿತು. ರಜೆಯನ್ನು ಹಾಗೆ ಖರ್ಚು ಮಾಡಿದ್ದು ನನ್ನ ಆಯ್ಕೆ, ಅದಕ್ಕೆ ದೂರಿಲ್ಲ. 77 ತರಗತಿ ಕೂತರೆ ನೂರಕ್ಕೆ 58. ಸುಳ್ಳು ಸಹಿ 37 ಸೇರಿದರೆ 86. ಗುಮಾಸ್ತರು ಚುಕ್ಕೆ ಇಡುವಾಗ ಈ ಲೆಕ್ಕವನ್ನು ಮೊದಲೇ ಹಾಕಿಕೊಂಡಿದ್ದರು.

ಆಂತರಿಕ ಪರೀಕ್ಷೆಗಳೂ ಬುಧವಾರ ಬೆಳಿಗ್ಗೆ 11ಕ್ಕೆ. ಮೊದಲ ಆಂತರಿಕ ಪರೀಕ್ಷೆಯ ದಿನ ನಮ್ಮ ಮೆಟ್ರೋ ಸಹಪಾಠಿಯ ಸೈಟಿನಲ್ಲಿ ಗರ್ಡರ್ ಏರಿಸುವ ಕೆಲಸ ಇತ್ತು. ರಾತ್ರಿಯಿಡೀ ನಿಂತು, ಬೆಳಿಗ್ಗೆ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದೇ ಬಂದು ಬರೆದರು. ಇಲಾಖೆಯ ಇಬ್ಬರಲ್ಲಿ ಒಬ್ಬರಿಗೆ ಮಳೆಗಾಲದ ಹಾನಿಯ ಸಮೀಕ್ಷೆ ಬಂದು ಬರೆಯಲಾಗಲಿಲ್ಲ, ಅವರಿಗೆ ಸೊನ್ನೆ. ಪಾಲಿಟೆಕ್ನಿಕ್ ಉಪನ್ಯಾಸಕಿಯ ಕಷ್ಟ ಇನ್ನೂ ವಿಚಿತ್ರ. ಅವರು 10ಕ್ಕೆ ನಮ್ಮ ಕಾಲೇಜಿನಲ್ಲಿ ಕೂರಬೇಕಾದರೆ ಪಾಲಿಟೆಕ್ನಿಕ್ಕಿನಲ್ಲಿ ಅವರ ವಿದ್ಯಾರ್ಥಿಗಳಿಗೆ ಪಾಠ ಇರುವುದಿಲ್ಲ. ತಾನು ಪಾಠ ಕೇಳಲು ಮಕ್ಕಳ ಪಾಠ ಬಿಡಬೇಕು.

ನಾವು ಏನನ್ನು ಕೇಳುತ್ತಿಲ್ಲ ಎಂಬುದನ್ನೂ ಹೇಳುತ್ತೇನೆ. ಗೇಟ್ ಪರೀಕ್ಷೆ ಪಾಸಾಗಿ ಪೂರ್ಣಾವಧಿ ಎಂ.ಟೆಕ್ ಓದುವವರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಅರೆಕಾಲಿಕರಿಗೆ ಅದಿಲ್ಲ. ಅದನ್ನು ನಾವು ಕೇಳುತ್ತಿಲ್ಲ. ನಮಗೆ ಸಂಬಳ ಇದೆ, ಅದಿಲ್ಲದ ಮಕ್ಕಳಿಗೆ ಆ ಹಣ ಹೋಗಲಿ. ಕೇಂದ್ರ ಸರ್ಕಾರದ ನೌಕರರಿಗೆ ಸೇವಾವಧಿಯಲ್ಲಿ ಒಟ್ಟು 24 ತಿಂಗಳವರೆಗೆ ಅಧ್ಯಯನ ರಜೆಯ ಅವಕಾಶವಿದೆ. ಖಾಸಗಿ ಕಚೇರಿಗಳಲ್ಲಿ ದುಡಿಯುವವರಿಗೆ ಆ ಮಾತೇ ಇಲ್ಲ. ಅದನ್ನೂ ಇವತ್ತು ಕೇಳುತ್ತಿಲ್ಲ, 14 ಜನರ ಕಚೇರಿಯಿಂದ ಅಷ್ಟು ದೊಡ್ಡದನ್ನು ಕೇಳಲು ಆಗುವುದಿಲ್ಲ ಎಂದು ನನಗೆ ಗೊತ್ತು. ನಾವು ಕೇಳುವುದು ವೇಳೆಯನ್ನು ಮಾತ್ರ, ಅದೂ ಕೊಡುತ್ತೇವೆ ಎಂದು ತಾವೇ ಹೇಳಿದ ವೇಳೆಯನ್ನು.

'ಹಾಗಾದರೆ ಆನ್‌ಲೈನಿನಲ್ಲಿ ಓದಬಾರದೇ' ಎಂದು ಕೇಳುವವರಿದ್ದಾರೆ. ಪಿಲಾನಿಯ ಬಿಟ್ಸ್ 1979ರಿಂದಲೇ ಕೆಲಸ ಮಾಡುವವರಿಗೆಂದು ಪ್ರತ್ಯೇಕ ವ್ಯವಸ್ಥೆ ನಡೆಸುತ್ತಿದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಈಚೆಗೆ ಉದ್ಯೋಗಸ್ಥರಿಗೆ ಆನ್‌ಲೈನ್ ಎಂ.ಟೆಕ್ ತೆರೆದಿದೆ. ಒಳ್ಳೆಯದೇ. ಆದರೆ ಅದರ ಖರ್ಚು ಹೊರಬಲ್ಲ, ಪ್ರಾಯೋಜಕತ್ವ ಕೊಡಬಲ್ಲ ದೊಡ್ಡ ಕಂಪನಿಗಳ ನೌಕರರಿಗೆ ಅದು ಎಟುಕುತ್ತದೆ. ತಿಂಗಳ ಕೊನೆಗೆ ಬಿಲ್ಡರ್ ಹಣ ಕೊಟ್ಟರೆ ಸಂಬಳ ಎನ್ನುವ ಸಣ್ಣ ಕಚೇರಿಯವರಿಗೆ ಎಟುಕುವುದಿಲ್ಲ. ನನ್ನ ವಿಷಯಕ್ಕೆ ಪ್ರಯೋಗಾಲಯವೂ ಬೇಕು. ತೊಲೆಯೊಂದನ್ನು ಲೋಡಿಂಗ್ ಫ್ರೇಮಿಗೆ ಏರಿಸಿ, ಬಿರುಕು ಎಲ್ಲಿಂದ ಹುಟ್ಟಿ ಎತ್ತ ಹೋಗುತ್ತದೆ ಎಂದು ಟಾರ್ಚ್ ಹಿಡಿದು ನೋಡುವುದನ್ನು ಪರದೆಯ ಮೇಲೆ ಕಲಿಯಲಾಗದು.

ಅಂಚೆಯ ದಾರಿ ಹಿಡಿದು ಹೋದವರ ಗತಿ ಏನಾಯಿತು ಎಂಬುದೂ ನಮ್ಮ ಕಣ್ಣ ಮುಂದಿದೆ. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಸರಿಯಾದ ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಬಗ್ಗೆ 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2001ರಿಂದ 2005ರವರೆಗೆ ಸೇರಿದವರು ಮತ್ತೆ ಪರೀಕ್ಷೆ ಬರೆದು ಪಾಸಾದರೆ ಮಾತ್ರ ಪದವಿ ಉಳಿಯುತ್ತದೆ ಎಂದಿತು, ಆಮೇಲೆ ಸೇರಿದವರ ಪದವಿಗಳನ್ನು ರದ್ದು ಮಾಡಿತು. ಆ ಪದವಿಗಳ ಆಧಾರದ ಮೇಲೆ ಬಡ್ತಿ ಪಡೆದ ನೌಕರರು ಅದನ್ನೂ ಕಳೆದುಕೊಳ್ಳುವ ಸ್ಥಿತಿಗೆ ಬಂದರು. ತೀರ್ಪು ಸರಿ ಎಂದೇ ನಾನು ಭಾವಿಸುತ್ತೇನೆ. ಪ್ರಯೋಗಾಲಯ ಕಾಣದ ಎಂಜಿನಿಯರ್ ಇರಬಾರದು. ಆದರೆ ಆ ಜನ ಅಂಥ ಕಡೆ ಯಾಕೆ ಹೋದರು ಎಂದು ಯಾರಾದರೂ ಕೇಳಿದರೇ? ಊರಲ್ಲೇ ಕಾಲೇಜಿತ್ತು, ಕಾಲೇಜಿನ ಬಾಗಿಲು ಸಂಜೆ ಮುಚ್ಚಿರುತ್ತಿತ್ತು. ಇವತ್ತು ನಾವು ಹಾಕುತ್ತಿರುವ ಸುಳ್ಳು ಸಹಿಗಳನ್ನು ನಾಳೆ ಯಾರಾದರೂ ಕೋರ್ಟಿನ ಮುಂದಿಟ್ಟರೆ ನಮ್ಮ ಪದವಿಗಳ ಗತಿ ಏನು ಎಂಬ ಭಯ ನನಗಿದೆ. ಆ ಭಯ ಇರಬೇಕಾದದ್ದೇ.

ಬೆಂಗಳೂರಿಗೆ ಸಂಜೆ ತರಗತಿ ಹೊಸದಲ್ಲ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಲ್ಲಿ ಡಿಪ್ಲೊಮಾ ಮಾಡಿಕೊಂಡು ಸೇರಿದ ಹುಡುಗರು ಪಾಳಿ ಮುಗಿಸಿ ಸಂಜೆ ಕಾಲೇಜಿಗೆ ಹೋಗಿ ಬಿಇ ಮಾಡಿದ ಊರು ಇದು. ಕೆ.ಆರ್. ವೃತ್ತದ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಂಥ ತರಗತಿಗಳು ನಡೆಯುತ್ತಿದ್ದವು. ನಮ್ಮ ಕಚೇರಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ, ಈಗಲೂ ವಾರಕ್ಕೆ ಎರಡು ದಿನ ಬಂದು ನಮ್ಮ ಲೆಕ್ಕಗಳನ್ನು ತಿದ್ದುತ್ತಾರೆ. ಅವರು ಹಾಗೆ ಸಂಜೆ ಓದಿದವರು. ಸೈಕಲಿನ ಕ್ಯಾರಿಯರಿಗೆ ಟೀ-ಸ್ಕ್ವೇರ್ ಕಟ್ಟಿಕೊಂಡು ಹೋಗುತ್ತಿದ್ದೆವು, ರಾತ್ರಿ ಒಂಬತ್ತಕ್ಕೆ ತರಗತಿ ಮುಗಿದರೆ ಕಾಲೇಜಿನ ಎದುರು ಇಡ್ಲಿ ತಿಂದು ಮನೆಗೆ, ಎಂದು ಹೇಳುತ್ತಾರೆ. 'ಅಲ್ಲಮ್ಮ, ಆಗ ನಮಗೆ ಸಂಜೆ ಪಾಠ ಮಾಡಲು ಮೇಷ್ಟ್ರು ಸಿಗುತ್ತಿದ್ದರು, ನಿಮಗೆ ಯಾಕೆ ಸಿಗುವುದಿಲ್ಲ' ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಯುವಿಸಿಇಯನ್ನು 1917ರಲ್ಲಿ ಸ್ಥಾಪಿಸಿದ ವಿಶ್ವೇಶ್ವರಯ್ಯನವರು ತಾವೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಂಡು ಓದಿದವರು. ಪ್ರತಿ ಸೆಪ್ಟೆಂಬರ್ 15ರಂದು ಅವರ ಚಿತ್ರಕ್ಕೆ ಹಾರ ಹಾಕಿ ನಾವೆಲ್ಲ ಎಂಜಿನಿಯರುಗಳ ದಿನ ಆಚರಿಸುತ್ತೇವೆ. ದುಡಿಯುತ್ತ ಓದುವುದು ಅವರ ಬಾಳಿನ ಮೊದಲ ಪಾಠವಾಗಿತ್ತು ಎಂಬುದನ್ನು ಆ ದಿನದ ಭಾಷಣಗಳಲ್ಲಿ ಕೇಳಿದ್ದೇನೆ. ಆ ಮಾತು ಕಾಲೇಜುಗಳ ವೇಳಾಪಟ್ಟಿಯಲ್ಲೂ ಕಾಣಬೇಕು ಎಂದು ಕೇಳುತ್ತಿದ್ದೇನೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಉದ್ಯೋಗಸ್ಥರಿಗೆ ಅನುಕೂಲವಾದ ವೇಳೆಯಲ್ಲಿ ತರಗತಿ ನಡೆಸಲು ಎಐಸಿಟಿಇ ಈಚಿನ ವರ್ಷಗಳಲ್ಲಿ ತಾನೇ ಅವಕಾಶ ಮಾಡಿಕೊಟ್ಟಿದೆ. ಇನ್ನು ನಮ್ಮಲ್ಲಿ ಆಗಬೇಕಾದದ್ದು ಬಹಳ ಸರಳ. 11 ಮಂದಿಗೆ ಒಂದು ಕಾಲೇಜು ಸಂಜೆ ತರಗತಿ ನಡೆಸಲಾರದು ಎಂದರೆ ಒಪ್ಪುತ್ತೇನೆ. ಆದರೆ ಒಂದೇ ನಗರದಲ್ಲಿ ನಾಲ್ಕು ಕಾಲೇಜುಗಳಲ್ಲಿ ಇಂಥ ಹತ್ತು ಹನ್ನೊಂದು ಮಂದಿ ಇದ್ದರೆ, ಆ ನಲವತ್ತು ಜನರನ್ನು ಮೆಟ್ರೋ ನಿಲ್ದಾಣದ ಹತ್ತಿರದ ಒಂದು ಕಾಲೇಜಿನಲ್ಲಿ ಸೇರಿಸಿ ಪಾಠ ಮಾಡಬಹುದಲ್ಲವೇ? ನಾಲ್ಕೂ ಕಡೆಯ ಅಧ್ಯಾಪಕರು ವಾರಕ್ಕೊಂದು ಸಂಜೆ ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಆ ಸಂಜೆಗೆ ಅವರಿಗೆ ಸರಿಯಾದ ಸಂಭಾವನೆ ಕೊಡಿ. ನಮ್ಮ ಶುಲ್ಕದಿಂದಲೇ ಕೊಡಿ, ಸ್ವಲ್ಪ ಹೆಚ್ಚು ಕೇಳಿದರೂ ನಾವು ಕಟ್ಟುತ್ತೇವೆ. ವಿಶ್ವವಿದ್ಯಾಲಯ ಅನುಮತಿ ಕೊಟ್ಟರೆ ಸಾಕು, ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ.

ಅರೆಕಾಲಿಕ ಸೀಟು ಕೊಡುವಾಗ ವೇಳಾಪಟ್ಟಿಯನ್ನು ಪ್ರವೇಶ ಪತ್ರದ ಜೊತೆಗೇ ಮುದ್ರಿಸಿ ಕೊಡಲಿ. ನಡುವೆ ಬದಲಾಯಿಸುವುದಾದರೆ ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು ಎಂಬ ನಿಯಮ ಬರಲಿ. ಹಾಜರಿಯನ್ನು ಆ ವೇಳಾಪಟ್ಟಿಯ ತರಗತಿಗಳಿಗೆ ಮಾತ್ರ ಎಣಿಸಲಿ. ಆಗ ನೂರಕ್ಕೆ 85 ಇರಲಿ, 90 ಇರಲಿ, ಒಂದು ಅಂಕಿಯನ್ನೂ ಕಡಿಮೆ ಮಾಡಿ ಎಂದು ನಾವು ಕೇಳುವುದಿಲ್ಲ. ಆಂತರಿಕ ಪರೀಕ್ಷೆ ಭಾನುವಾರ ಇಟ್ಟರೆ ಸಾಕು. ಕೊನೆಯ ವರ್ಷದ ಪ್ರಾಜೆಕ್ಟನ್ನು ನಾವು ಕೆಲಸ ಮಾಡುವ ಕಡೆಯ ನಿಜವಾದ ಸಮಸ್ಯೆಯ ಮೇಲೆ ಮಾಡಲು ಬಿಡಲಿ. ಲೋಕೋಪಯೋಗಿ ಇಲಾಖೆಯ ನಮ್ಮ ಸಹಪಾಠಿಯ ಬಳಿ ಬಿರುಕು ಬಿಟ್ಟ ಮೂರು ಹಳೆಯ ಸೇತುವೆಗಳಿವೆ, ಅವುಗಳ ಕಾರಣ ಹುಡುಕುವುದಕ್ಕಿಂತ ಒಳ್ಳೆಯ ಥೀಸಿಸ್ ಯಾವುದು?

ಇದ್ಯಾವುದೂ ಆಗದು ಎನ್ನುವುದಾದರೆ ಅರೆಕಾಲಿಕ ಎಂಬ ಹೆಸರಿನಲ್ಲಿ ಸೀಟು ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಅದು ಕಹಿಯಾದರೂ ಪ್ರಾಮಾಣಿಕ ಉತ್ತರ. ಶುಲ್ಕ ಪಡೆದು, ಬಾಗಿಲು ಹಾಕಿ, ಪುಸ್ತಕದಲ್ಲಿ ನಾವು ಒಳಗಿದ್ದೆವು ಎಂದು ಬರೆಸಿಕೊಳ್ಳುವುದು ಎಂಜಿನಿಯರುಗಳನ್ನು ತಯಾರು ಮಾಡುವ ರೀತಿಯಲ್ಲ. ಹಾಜರಿ ಪುಸ್ತಕದಲ್ಲಿ ಸುಳ್ಳು ಸಹಿ ಹಾಕಲು ಕಲಿತ ಕೈ ನಾಳೆ ಪೋರ್ ಕಾರ್ಡಿನ ಮುಂದೆ ಮಾತ್ರ ಸತ್ಯವಾಗಿರುತ್ತದೆ ಎಂದು ನಂಬುವುದು ಹೇಗೆ? ನನ್ನ ಕೈಯ ಬಗ್ಗೆಯೇ ನನಗೆ ಆ ಪ್ರಶ್ನೆ ಬಂದಿದೆ. ಕಳೆದ ವಾರ ಒಂದು ಸೈಟಿನಲ್ಲಿ ಕತ್ತಲಾಗಿತ್ತು, ಮೇಲಿನ ಅಂತಸ್ತಿನ ಎರಡು ತೊಲೆಗಳನ್ನು ನೋಡುವುದು ಬಾಕಿ ಇತ್ತು, ಮೇಸ್ತ್ರಿ 'ಎಲ್ಲ ಹಾಗೇ ಇದೆ ಮೇಡಂ, ಸಹಿ ಹಾಕಿ' ಅಂದರು. ಅರೆಕ್ಷಣ ಪೆನ್ನು ಕಾಗದದ ಮೇಲೆ ಇಳಿದಿತ್ತು. ಆಮೇಲೆ ಟಾರ್ಚ್ ತರಿಸಿಕೊಂಡು ಹತ್ತಿ ಹೋಗಿ ನೋಡಿದೆ. ಆ ಅರೆಕ್ಷಣ ಮೊದಲು ನನ್ನಲ್ಲಿ ಇರಲಿಲ್ಲ.

ಆದ್ದರಿಂದ ಒಂದು ಕೆಲಸ ಮಾಡಿದ್ದೇನೆ. ಆ 37 ಸಹಿಗಳನ್ನು ಹೊಡೆದುಹಾಕಿ, ನಾನು ಕೂತ 77 ತರಗತಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂದು ನಮ್ಮ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅದನ್ನು ಒಪ್ಪಿದರೆ ಈ ಸೆಮಿಸ್ಟರಿನ ಪರೀಕ್ಷೆಗೆ ನನಗೆ ಹಾಲ್ ಟಿಕೆಟ್ ಸಿಗುವುದಿಲ್ಲ, 3 ವರ್ಷದ ಓದು ಇನ್ನೂ ಒಂದು ವರ್ಷ ಎಳೆಯುತ್ತದೆ. ಮನೆಯಲ್ಲಿ ಹೇಳಿದೆ. ಮಗಳನ್ನು ಸಂಜೆ ಹೊತ್ತು ನೋಡಿಕೊಳ್ಳುವ ನಮ್ಮ ಅತ್ತೆ, 'ಇನ್ನೊಂದು ವರ್ಷ ನೋಡಿಕೊಳ್ಳುತ್ತೇನೆ, ಸರಿಯಾಗಿ ಓದಿ ಮುಗಿಸು' ಅಂದರು. ನನ್ನ ಸಹಪಾಠಿಗಳು ಹೀಗೆಯೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಕೆಲವರಿಗೆ ಬಡ್ತಿ, ಕೆಲವರಿಗೆ ಕೆಲಸವೇ ಈ ಪದವಿಯ ಮೇಲೆ ನಿಂತಿದೆ. ಅವರ ಮೇಲೆ ಯಾವ ಕ್ರಮವೂ ಆಗಬಾರದೆಂದು ಕೈಮುಗಿದು ಕೇಳುತ್ತೇನೆ. ತಪ್ಪು ವೇಳಾಪಟ್ಟಿಯದು.

ಬರುವ ಸೋಮವಾರ ಸಂಜೆ ಐದೂವರೆಗೆ ನಾವು 11 ಮಂದಿಯೂ ಕಾಲೇಜಿನ ಎರಡನೆಯ ಮಹಡಿಯ ಅದೇ ಕೊಠಡಿಯ ಮುಂದೆ ಇರುತ್ತೇವೆ. ಮಂಗಳವಾರವೂ ಇರುತ್ತೇವೆ, ಗುರುವಾರವೂ, ಶುಕ್ರವಾರವೂ. ಪುಸ್ತಕ ತಂದಿರುತ್ತೇವೆ. ಘೋಷಣೆ ಕೂಗುವುದಿಲ್ಲ. ದಯವಿಟ್ಟು ಬೀಗ ತೆಗೆಸಿ, ಪಾಠ ಮಾಡಲು ಒಬ್ಬ ಮೇಷ್ಟ್ರನ್ನು ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಅರೆಕಾಲಿಕ ಎಂ.ಟೆಕ್ ವಿದ್ಯಾರ್ಥಿನಿ
ದಾಸರಹಳ್ಳಿ, ಬೆಂಗಳೂರು